ಜಕ್ಕೂರು ಕೆರೆ ಏರಿಯ ಮೇಲೆ ನಿಂತು ಹಕ್ಕಿ, ವಿಮಾನಗಳ ಫೋಟೊ ತೆಗೆಯುವುದು: ಸಮಗ್ರ ಮಾರ್ಗದರ್ಶಿ

ಮೊದಲು ಒಂದು ಲೆಕ್ಕ. ಎಪಿಎಸ್-ಸಿ (ಫುಲ್ ಫ್ರೇಮಿಗಿಂತ ಚಿಕ್ಕ ಸೆನ್ಸರಿನ) ಕ್ಯಾಮೆರಾಗೆ 400 ಎಂ.ಎಂ. ಲೆನ್ಸ್ ಹಾಕಿದ್ದೀರಿ ಅಂದುಕೊಳ್ಳಿ. ಒಂದು ಕಿ.ಮೀ. ದೂರದಲ್ಲಿ ಗಂಟೆಗೆ 250 ಕಿ.ಮೀ. ವೇಗದಲ್ಲಿ ಅಡ್ಡ ಹಾಯುವ ವಿಮಾನಕ್ಕೆ ನಿಮ್ಮ ಫ್ರೇಮಿನ ಈ ಅಂಚಿನಿಂದ ಆ ಅಂಚಿಗೆ ಹೋಗಲು 0.85 ಸೆಕೆಂಡ್ ಬೇಕು. ಮೂವತ್ತು ಮೀಟರ್ ದೂರದಲ್ಲಿ, ಸೆಕೆಂಡಿಗೆ ಬರೀ 10 ಮೀಟರ್ ವೇಗದಲ್ಲಿ ತೇಲಿಕೊಂಡು ಹೋಗುವ ಹದ್ದಿಗೆ ಅದೇ ಫ್ರೇಮ್ ದಾಟಲು 0.18 ಸೆಕೆಂಡ್ ಸಾಕು. ಕಣ್ಣಿಗೆ ಸೋಮಾರಿಯಂತೆ ಕಾಣುವ ಹದ್ದು ಕ್ಯಾಮೆರಾದ ಮಟ್ಟಿಗೆ ವಿಮಾನಕ್ಕಿಂತ ಐದು ಪಟ್ಟು ಚುರುಕು.

ಹಾಗಾಗಿ ಹಾರುವ ಹಕ್ಕಿ ಕೈಗೆ ಸಿಗುತ್ತಿಲ್ಲ ಎಂದು ಗೋಳಾಡುವವರಿಗೆ ನಮ್ಮ ಸಲಹೆ ಒಂದೇ: ಮೊದಲು ವಿಮಾನದ ಮೇಲೆ ಕೈ ಪಳಗಿಸಿ. ಅದು ನೇರ ದಾರಿಯಲ್ಲಿ ಬರುತ್ತದೆ, ಬರುವ ಮುಂಚೆ ಮೊಬೈಲ್ ನೋಡಿ ತಿಳಿಯಬಹುದು, ಒಂದು ತಪ್ಪಿದರೆ ಹಿಂದೆಯೇ ಇನ್ನೊಂದು ಬರುತ್ತದೆ. ಹಕ್ಕಿ ಈ ಮೂರರಲ್ಲಿ ಒಂದನ್ನೂ ಮಾಡುವುದಿಲ್ಲ.

ಜಾಗ ಯಾಕೆ ಇದು

ಬೆಂಗಳೂರಿನ ಉತ್ತರದ ಜಕ್ಕೂರು ಕೆರೆಯಲ್ಲಿ ಎರಡೂ ಒಟ್ಟಿಗೆ ಸಿಗುತ್ತವೆ. ಪಕ್ಕದಲ್ಲೇ ಜಕ್ಕೂರು ಏರೋಡ್ರೋಮ್. ತರಬೇತಿ ನಡೆಯುವ ದಿನ ಸಣ್ಣ ವಿಮಾನಗಳು ತಗ್ಗಿನಲ್ಲೇ ಸುತ್ತುತ್ತವೆ. ಉತ್ತರಕ್ಕೆ ಐದಾರು ಕಿ.ಮೀ. ಹೋದರೆ ಯಲಹಂಕ ವಾಯುನೆಲೆ. ಕೆಂಪೇಗೌಡ ವಿಮಾನ ನಿಲ್ದಾಣ ನೇರ ಗೆರೆಯಲ್ಲಿ 15–16 ಕಿ.ಮೀ. ಈಶಾನ್ಯಕ್ಕಿದೆ. ಅಲ್ಲಿನ ಎರಡೂ ರನ್‌ವೇ ಪೂರ್ವ–ಪಶ್ಚಿಮವಾಗಿರುವುದರಿಂದ ಕೆರೆ ಇಳಿಯುವ ದಾರಿಯ ನೇರಕ್ಕೆ ಬರುವುದಿಲ್ಲ. ಇಲ್ಲಿ ಕಾಣುವ ದೊಡ್ಡ ವಿಮಾನಗಳು ತಿರುವು ತೆಗೆದುಕೊಳ್ಳುವ, ಏರುವ, ಇಳಿಯಲು ಸಾಲುಗಟ್ಟುವ ವಿಮಾನಗಳು. ಇದೊಂದು ಅನುಕೂಲವೇ: ವಾಲಿದ ವಿಮಾನದ ಹೊಟ್ಟೆ, ಬೆನ್ನು ಎರಡೂ ಕಾಣುತ್ತವೆ. ಕೆರೆಯಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ನೀರುಕಾಗೆ, ನಾಮದ ಕೋಳಿ, ನೇರಳೆ ಜಂಬುಕೋಳಿ, ಮಿಂಚುಳ್ಳಿ. ಮೇಲೆ ಹದ್ದು, ಗರುಡ.

ನಿಮ್ಮ ಮನೆ ಹತ್ತಿರದ ಕೆರೆ ಬೇರೆಯಾದರೂ ಮುಂದಿನ ಲೆಕ್ಕಗಳೆಲ್ಲ ಅಲ್ಲಿಗೂ ಹೊಂದುತ್ತವೆ.

ಲೆನ್ಸ್ ಎಷ್ಟು ಉದ್ದದ್ದು ಬೇಕು

ಸೆನ್ಸರಿನ ಅಗಲವನ್ನು ದೂರದಿಂದ ಗುಣಿಸಿ ಲೆನ್ಸಿನ ಎಂ.ಎಂ. ಅಂಕಿಯಾದ ಫೋಕಲ್ ಲೆಂತ್‌ನಿಂದ ಭಾಗಿಸಿದರೆ ಆ ದೂರದಲ್ಲಿ ಫ್ರೇಮಿನೊಳಗೆ ಎಷ್ಟು ಅಗಲ ಹಿಡಿಯುತ್ತದೆ ಎಂದು ಗೊತ್ತಾಗುತ್ತದೆ. ನಿಕಾನ್, ಸೋನಿ ಎಪಿಎಸ್-ಸಿ ಸೆನ್ಸರ್ ಸುಮಾರು 23.5 ಎಂ.ಎಂ. ಅಗಲ. 400 ಎಂ.ಎಂ. ಲೆನ್ಸಿನಲ್ಲಿ 1 ಕಿ.ಮೀ. ದೂರಕ್ಕೆ 59 ಮೀಟರ್. ಏರ್‌ಬಸ್ ಎ320ರ ಉದ್ದ 37.57 ಮೀಟರ್; ಅಂದರೆ ಫ್ರೇಮಿನ ಮೂರನೇ ಎರಡು ಭಾಗ ತುಂಬುತ್ತದೆ. ಅದೇ ಲೆನ್ಸಿನಲ್ಲಿ 10 ಮೀಟರ್ ದೂರಕ್ಕೆ 59 ಸೆಂ.ಮೀ.; 28 ಸೆಂ.ಮೀ. ಉದ್ದದ ಬಿಳಿ ಎದೆಯ ಮಿಂಚುಳ್ಳಿ ಅರ್ಧ ಫ್ರೇಮ್ ತುಂಬುತ್ತದೆ. ಒಂದು ಕಿ.ಮೀ. ಆಚೆಯ ಎ320, ಹತ್ತು ಮೀಟರ್ ಆಚೆಯ ಮಿಂಚುಳ್ಳಿ ಎರಡಕ್ಕೂ ಒಂದೇ ಲೆನ್ಸ್ ಸಾಕಾಗುವುದು ಹೀಗೆ.

ಶುರು ಮಾಡುವವರಿಗೆ 70–300 ಸಾಕು. ಅದರಲ್ಲಿ ದೂರದ ಕೊಕ್ಕರೆ ಚಿಕ್ಕದಾಗುತ್ತದೆ, ಅಷ್ಟೇ. ಮುಂದುವರಿದವರಿಗೆ 100–400 ಅಥವಾ 150–600. ಆರುನೂರರ ತುದಿ ಹಕ್ಕಿಗೆ ಖಂಡಿತ ಬೇಕೆನಿಸುತ್ತದೆ, ಆದರೆ ಅಂಥ ಲೆನ್ಸ್ ಎರಡು ಕೆ.ಜಿ. ಸುಮಾರು ತೂಗುತ್ತದೆ, ಒಂದು ಗಂಟೆ ಆಕಾಶಕ್ಕೆ ಎತ್ತಿ ಹಿಡಿದರೆ ಭುಜ ಸೋಲುತ್ತದೆ. ದಿನಾ ವಾಕಿಂಗ್ ಜೊತೆ ತೆಗೆಯುವವರಿಗೆ ಹಗುರದ 100–400 ವಾಸಿ.

ಹತ್ತು ಕಿ.ಮೀ. ಎತ್ತರದಲ್ಲಿ ಬಿಳಿ ಗೆರೆ ಎಳೆದುಕೊಂಡು ಹೋಗುವ ವಿಮಾನಗಳದ್ದು ಬೇರೆ ಆಟ. 400 ಎಂ.ಎಂ.ನಲ್ಲಿ ಎ320 ಫ್ರೇಮಿನ ಶೇ 6ರಷ್ಟೇ ಬರುತ್ತದೆ. ಅದಕ್ಕೆ ನಿಕಾನ್ ಪಿ1000ರಂಥ ಬ್ರಿಡ್ಜ್ ಕ್ಯಾಮೆರಾ (ಲೆನ್ಸ್ ಬದಲಿಸಲಾಗದ, ಉದ್ದ ಜೂಮಿನದು) ಸರಿ, 3000 ಎಂ.ಎಂ.ಗೆ ಸಮನಾದ ಜೂಮ್‌ನಲ್ಲಿ ಎ320 ಸುಮಾರು ಶೇ 31, 73.9 ಮೀಟರ್ ಉದ್ದದ ಬೋಯಿಂಗ್ 777-300ಇಆರ್ ಶೇ 60 ದಾಟುತ್ತದೆ. ಇದೇ ಕ್ಯಾಮೆರಾದಲ್ಲಿ ಹಾರುವ ಹಕ್ಕಿ ಹಿಡಿಯುವುದು ಮಾತ್ರ ಕಷ್ಟ, ಫೋಕಸ್ ನಿಧಾನ.

ಟ್ರೈಪಾಡ್ ಬೇಡ. ಏರಿಯ ಮೇಲೆ ವಾಕಿಂಗ್ ಮಾಡುವವರಿಗೆ ಅಡ್ಡ, ಆಕಾಶಕ್ಕೆ ತಿರುಗಿಸಲೂ ಒರಟು. ಹಳೇ ಜೀನ್ಸ್ ಪ್ಯಾಂಟಿನ ಕಾಲು ಮೊಣಕಾಲಿಗೆ ಕತ್ತರಿಸಿ, ಒಂದು ತುದಿ ಹೊಲಿದು, ಒಂದೂವರೆ ಕೆ.ಜಿ. ಅಕ್ಕಿ ತುಂಬಿ ಇನ್ನೊಂದು ತುದಿಯನ್ನೂ ಹೊಲಿದರೆ ಕಂಬಿಯ ಮೇಲೆ ಇಟ್ಟು ಕೂತ ಹಕ್ಕಿ ತೆಗೆಯಲು ಪಟ್ಟಾಗಿ ಕೂರುವ ದಿಂಬು ಆಯಿತು. ಪೂರ್ತಿ ತುಂಬಬೇಡಿ, ಮುಕ್ಕಾಲು ತುಂಬಿದರೆ ಲೆನ್ಸ್ ಅದರೊಳಗೆ ಕೂರುತ್ತದೆ.

ಗಾಳಿ, ಬಿಸಿಲು: ಎಲ್ಲಿ ನಿಲ್ಲಬೇಕು

ವಿಮಾನ ಗಾಳಿಗೆ ಎದುರಾಗಿ ಏರುತ್ತದೆ, ಎದುರಾಗಿಯೇ ಇಳಿಯುತ್ತದೆ. ಹೆಜ್ಜಾರ್ಲೆಯೂ ಹಾಗೆಯೇ. ನೀರಿನ ಮೇಲೆ ಕಾಲು ಬಡಿಯುತ್ತಾ ಓಡಿ ಏಳುವಾಗಲೂ, ಪಾದ ಚಾಚಿ ಇಳಿಯುವಾಗಲೂ ಅದರ ಮುಖ ಗಾಳಿಯ ಕಡೆಗೇ. ಎರಡಕ್ಕೂ ಕಾರಣ ಒಂದೇ: ಎದುರುಗಾಳಿ ಇದ್ದರೆ ನೆಲದ ಮೇಲೆ ಕಡಿಮೆ ವೇಗದಲ್ಲೇ ರೆಕ್ಕೆಗೆ ಬೇಕಾದಷ್ಟು ಗಾಳಿ ಸಿಗುತ್ತದೆ. ಹಾಗಾಗಿ ಗಾಳಿ ನಿಮ್ಮ ಬೆನ್ನಿಗೆ ಬೀಸುವಂತೆ ನಿಂತರೆ ಹಕ್ಕಿ ನಿಮ್ಮ ಕಡೆ ಮುಖ ಮಾಡಿ ಬರುತ್ತದೆ. ಗಾಳಿಗೆ ಎದುರಾಗಿ ನಿಂತರೆ ಬರೀ ಬಾಲದ ಫೋಟೊ.

ಬೆಂಗಳೂರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಹೆಚ್ಚಾಗಿ ಪಶ್ಚಿಮದಿಂದ. ವಿಮಾನಗಳು ಪಶ್ಚಿಮಕ್ಕೆ ಮುಖ ಮಾಡಿ ಏರುತ್ತವೆ. ನವೆಂಬರ್‌ನಿಂದ ಫೆಬ್ರುವರಿವರೆಗೆ ಮೂಡಣ ಗಾಳಿ, ಏರುವುದು ಪೂರ್ವಕ್ಕೆ. ಬೇಸಿಗೆಯ ದಿನಗಳಲ್ಲಿ ಮಧ್ಯಾಹ್ನಕ್ಕೆ ದಿಕ್ಕು ಬದಲಾಗುವುದೂ ಉಂಟು. ಕೆರೆ ನೀರಿನ ಮೇಲಿನ ಅಲೆ ಯಾವ ಕಡೆಗೆ ಸಾಗುತ್ತಿದೆ ನೋಡಿದರೆ ಆಯಿತು, ಆ್ಯಪ್ ಬೇಡ.

ಬೆಳಿಗ್ಗೆ ಪೂರ್ವದ ದಂಡೆಯಲ್ಲಿ ನಿಂತು ಪಶ್ಚಿಮ ನೋಡಿ, ಸಂಜೆ ತಿರುವುಮುರುವು. ಚಳಿಗಾಲದ ಬೆಳಿಗ್ಗೆ ಇಲ್ಲಿ ಗಾಳಿಯೂ ಬೆಳಕೂ ಪೂರ್ವದಿಂದಲೇ ಬರುವುದರಿಂದ ಪೂರ್ವದ ದಂಡೆಯಲ್ಲಿ ನಿಂತವರಿಗೆ ಎರಡೂ ಬೆನ್ನಿಗೆ. ನವೆಂಬರ್‌ನಿಂದ ಫೆಬ್ರುವರಿಯ ಬೆಳಗಿನ ಹೊತ್ತು ಇಷ್ಟು ಒಳ್ಳೆಯದಾಗಲು ಇದೇ ಕಾರಣ, ವಲಸೆ ಹಕ್ಕಿ ಆಮೇಲಿನ ಮಾತು. ನಡುಹಗಲಿನಲ್ಲಿ ತೆಗೆಯಲೇಬೇಕೆಂದರೆ ಒಂದು ಸೂಕ್ಷ್ಮ ನೆನಪಿಡಿ: ಬೆಂಗಳೂರು 13 ಡಿಗ್ರಿ ಅಕ್ಷಾಂಶದಲ್ಲಿರುವುದರಿಂದ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ತುಸು ಉತ್ತರಕ್ಕಿರುತ್ತಾನೆ. ಉಳಿದ ತಿಂಗಳು ದಕ್ಷಿಣಕ್ಕೆ. ಚಳಿಗಾಲದಲ್ಲಿ ಉತ್ತರ ದಿಕ್ಕಿನ ವಿಮಾನಗಳ ಮೇಲೆ ದಿನವಿಡೀ ಬೆಳಕು ಬೀಳುತ್ತದೆ; ದಕ್ಷಿಣಕ್ಕೆ ಹೋದದ್ದು ಬರೀ ಕಪ್ಪು ನೆರಳು.

ಕನ್ನಡಿಯಿರುವ ಡಿಎಸ್ಎಲ್ಆರ್ ಇದ್ದರೆ ವಿಮಾನದ ಹಿಂದೆಯೇ ತಿರುಗುತ್ತಾ ಸೂರ್ಯನ ಮೇಲೆ ಹೋಗಬೇಡಿ. ಟೆಲಿಲೆನ್ಸಿನ ಮೂಲಕ ಸೂರ್ಯನನ್ನು ಕಂಡರೆ ಕಣ್ಣಿಗೆ ಶಾಶ್ವತ ಪೆಟ್ಟಾಗಬಹುದು.

ಮೊಬೈಲಿನ ಎತ್ತರದಲ್ಲಿ 3,000 ಅಡಿ ಕಳೆಯಿರಿ

ಫ್ಲೈಟ್‌ರಾಡಾರ್24 ಆ್ಯಪ್ ತೆರೆದರೆ ಯಾವ ವಿಮಾನ, ಎಲ್ಲಿಂದ, ಎಷ್ಟು ಎತ್ತರ ಎಲ್ಲವೂ ಸಿಗುತ್ತದೆ. ಆದರೆ ಅದು ಹೇಳುವ ಎತ್ತರ ಸಮುದ್ರ ಮಟ್ಟದ ಲೆಕ್ಕದ್ದು, ಬೆಂಗಳೂರೋ 3,000 ಅಡಿ ಮೇಲಿದೆ. ಆ್ಯಪ್‌ನಲ್ಲಿ 7,000 ಅಡಿ ಎಂದಿದ್ದರೆ ನಿಮ್ಮ ತಲೆಯಿಂದ 4,000 ಅಡಿ, ಅಂದರೆ 1.2 ಕಿ.ಮೀ. ಅದು ನೇರ ನೆತ್ತಿಯ ಮೇಲಲ್ಲದೆ ಒಂದೂವರೆ ಕಿ.ಮೀ. ಪಕ್ಕದಲ್ಲಿ ಹೋದರೆ ಓರೆ ದೂರ 1.9 ಕಿ.ಮೀ.; 400 ಎಂ.ಎಂ.ನಲ್ಲಿ ಎ320 ಫ್ರೇಮಿನ ಮೂರನೇ ಒಂದು ಭಾಗ. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಅಷ್ಟಿದ್ದರೆ ಕತ್ತರಿಸಿ ಬಳಸಬಹುದು. ಆ್ಯಪ್‌ನಲ್ಲಿ 10,000 ಅಡಿ ಮೀರಿದ್ದಕ್ಕೆ ಕೈ ಎತ್ತಬೇಡಿ, ಭುಜ ಉಳಿಸಿಕೊಳ್ಳಿ.

ಸೇನೆಯ ವಿಮಾನಗಳು ಈ ಆ್ಯಪ್‌ನಲ್ಲಿ ಬಹುಪಾಲು ಕಾಣುವುದಿಲ್ಲ. ಅವನ್ನು ಕಿವಿಯಿಂದಲೇ ಹಿಡಿಯಬೇಕು. ಆದರೆ ಒಂದು ಕಿ.ಮೀ. ದಾಟಿ ಬರಲು ಶಬ್ದಕ್ಕೆ ಮೂರು ಸೆಕೆಂಡ್ ಬೇಕು. ಅಷ್ಟರಲ್ಲಿ ಜೆಟ್ ಅರ್ಧ ಕಿ.ಮೀ.ಗೂ ಹೆಚ್ಚು ಮುಂದೆ ಹೋಗಿರುತ್ತದೆ. ಶಬ್ದ ಬಂದ ಕಡೆಗಲ್ಲ, ಅದು ಹೋಗುತ್ತಿರುವ ದಿಕ್ಕಿನಲ್ಲಿ ಸ್ವಲ್ಪ ಮುಂದೆ ನೋಡಿ.

ಕ್ಯಾಮೆರಾ ಸೆಟ್ಟಿಂಗ್

ಮ್ಯಾನುಯಲ್ ಮೋಡ್ ಇಡಿ. ಬಿಸಿಲು ಒಂದೇ ಸಮ ಇರುವಾಗ ಹಕ್ಕಿಯ ಹಿಂದೆ ಮರ ಬಂದರೂ ಆಕಾಶ ಬಂದರೂ ಹಕ್ಕಿಯ ಮೇಲೆ ಬೀಳುವ ಬೆಳಕು ಬದಲಾಗುವುದಿಲ್ಲ. ಬದಲಾಗುವುದು ಕ್ಯಾಮೆರಾದ ಅಂದಾಜು. ಬೆಳಿಗ್ಗೆ ಎಂಟರ ಹೊತ್ತಿಗೆ ಅಪರ್ಚರ್ (ಲೆನ್ಸಿನ ಕಂಡಿ) ಎಫ್/6.3, ಶಟರ್ ವೇಗ 1/2000 ಸೆಕೆಂಡ್, ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 640ರಿಂದ ಶುರು ಮಾಡಿ. ಹತ್ತು ಗಂಟೆಯ ಚುರುಕು ಬಿಸಿಲಿಗೆ ಐಎಸ್‌ಒ 400ಕ್ಕೆ ಇಳಿಸಿ. ಬೆಳ್ಳಕ್ಕಿಯನ್ನೋ ಬಿಳಿ ಮೈಯ ವಿಮಾನವನ್ನೋ ತೆಗೆದು, ಬಿಳಿ ಜಾಗ ಮಿನುಗಿ ಎಚ್ಚರಿಸಿದರೆ ಇನ್ನೊಂದು ಮೆಟ್ಟಿಲು ಇಳಿಸಿ. ಅದೇ ಸೆಟ್ಟಿಂಗ್‌ನಲ್ಲಿ ಹದ್ದು ಕಪ್ಪಾಗಿ ಬರುತ್ತದೆ, ಅದಕ್ಕೆ ಐಎಸ್‌ಒ ದುಪ್ಪಟ್ಟು ಮಾಡಿ.

ಮೋಡ ಬಂದು ಹೋಗಿ ಮಾಡುವ ದಿನ ಇದು ನಡೆಯುವುದಿಲ್ಲ. ಆಗ ಐಎಸ್‌ಒ ಆಟೊಗೆ ಬಿಟ್ಟು, ಆಕಾಶ ಹಿನ್ನೆಲೆಯಾದರೆ ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಕ್ಯಾಮೆರಾದ ಬೆಳಕಿನ ಅಂದಾಜನ್ನು ಏರಿಸಿ ಇಳಿಸುವ ಅಂಕಿ) +1, ಬಿಳಿ ಮೋಡ ಕವಿದಿದ್ದರೆ +1.3. ಕಡುಹಸಿರು ಜೊಂಡಿನ ಮುಂದೆ ಬೆಳ್ಳಕ್ಕಿ ನಿಂತಿದ್ದರೆ -0.7.

ಶಟರ್ ವೇಗ ಎಲ್ಲದಕ್ಕೂ ಒಂದೇ ಅಲ್ಲ. ಕೂತ ಹಕ್ಕಿಗೆ 1/500, ಹಾರುವ ಹದ್ದು–ಕೊಕ್ಕರೆಗೆ 1/2000, ಮಿಂಚುಳ್ಳಿಗೆ 1/3200, ಜೆಟ್ ವಿಮಾನಕ್ಕೆ 1/1000. ಫ್ಯಾನ್ ಇರುವ ವಿಮಾನ ಬಂದಾಗ ಮಾತ್ರ ಉಲ್ಟಾ ಹೊಡೆಯಬೇಕು. ಎಟಿಆರ್ 72ರ ಪ್ರೊಪೆಲರ್ ಪೂರ್ಣ ವೇಗದಲ್ಲಿ ನಿಮಿಷಕ್ಕೆ 1,200 ಸುತ್ತು ತಿರುಗುತ್ತದೆ, ಸೆಕೆಂಡಿಗೆ 20. 1/1000ದಲ್ಲಿ ತೆಗೆದರೆ ಅಷ್ಟು ಹೊತ್ತಿನಲ್ಲಿ ಬ್ಲೇಡ್ ತಿರುಗುವುದು ಬರೀ 7 ಡಿಗ್ರಿ. ಫ್ಯಾನ್ ನಿಂತು, ವಿಮಾನ ಈಗಲೋ ಆಗಲೋ ಬೀಳುವಂತೆ ಕಾಣುತ್ತದೆ. 1/125ಕ್ಕೆ ಇಳಿಸಿದರೆ 57 ಡಿಗ್ರಿ. ಎಟಿಆರ್ 72-600ಗೆ ಆರು ಬ್ಲೇಡ್, ಒಂದಕ್ಕೂ ಇನ್ನೊಂದಕ್ಕೂ ನಡುವೆ 60 ಡಿಗ್ರಿ. ಸುಮಾರಾಗಿ ಪೂರ್ತಿ ತಟ್ಟೆಯೇ ಮೂಡುತ್ತದೆ. ಸೆಸ್ನಾ 172ಕ್ಕೆ ಎರಡೇ ಬ್ಲೇಡ್. 2,400 ಸುತ್ತಿನಲ್ಲಿದ್ದರೆ ಪೂರ್ತಿ ತಟ್ಟೆಗೆ 1/80 ಬೇಕು, 1/160 ಆದರೆ ಅರ್ಧ ತಟ್ಟೆ. ಹೆಲಿಕಾಪ್ಟರಿನ ದೊಡ್ಡ ರೆಕ್ಕೆ ಇನ್ನೂ ನಿಧಾನ, ಅದಕ್ಕೆ 1/60. ಇಷ್ಟು ಕಡಿಮೆ ವೇಗದಲ್ಲಿ ಹತ್ತು ತೆಗೆದರೆ ಒಂದೋ ಎರಡೋ ಚೂಪಾಗಿ ಬರುತ್ತವೆ. ಮೊದಲು 1/320ರಲ್ಲಿ ನಾಲ್ಕು ತೆಗೆದು ಜೇಬಿಗೆ ಹಾಕಿಕೊಂಡು ಆಮೇಲೆ ಇಳಿಸಿ. ಐಎಸ್‌ಒ 100ಕ್ಕೆ, ಅಪರ್ಚರ್ ಎಫ್/11ರ ಆಚೆಗೆ ಹೋಗುತ್ತದೆ. ಸೆನ್ಸರ್ ಮೇಲಿನ ದೂಳಿನ ಚುಕ್ಕೆಗಳೆಲ್ಲ ಆಕಾಶದಲ್ಲಿ ಎದ್ದು ಕಾಣುವುದು ಆಗಲೇ.

ಫೋಕಸ್ ನಿರಂತರ ಮೋಡ್‌ನಲ್ಲಿರಲಿ: ನಿಕಾನ್, ಸೋನಿಯಲ್ಲಿ ಎಎಫ್-ಸಿ, ಕ್ಯಾನನ್‌ನಲ್ಲಿ ಸರ್ವೊ. ಹೊಸ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಹಕ್ಕಿ ಕಣ್ಣು ಹುಡುಕುವ ಆಯ್ಕೆ, ಕೆಲವಲ್ಲಿ ವಿಮಾನದ ಆಯ್ಕೆ ಬೇರೆಬೇರೆ ಇರುತ್ತವೆ. ಒಂದರಿಂದ ಒಂದಕ್ಕೆ ಬದಲಿಸುವುದನ್ನು ಯಾವುದಾದರೂ ಬಟನ್‌ಗೆ ಕೊಟ್ಟುಕೊಳ್ಳಿ. ಹಳೆಯ ಕ್ಯಾಮೆರಾದಲ್ಲಿ ನಡುವಿನ ಒಂಬತ್ತು ಪಾಯಿಂಟ್‌ಗಳ ಗುಂಪು ಸಾಕು. ಖಾಲಿ ಆಕಾಶಕ್ಕೆ ಹಿಡಿದರೆ ಲೆನ್ಸ್ ಹಿಂದೆ ಮುಂದೆ ಓಡಾಡಿ ವಿಮಾನ ಹೋದಮೇಲೆ ನಿಲ್ಲುತ್ತದೆ. ಹೀಗಾಗದಂತೆ ದೂರದ ನೀರಿನ ಟ್ಯಾಂಕಿಗೋ ಮೊಬೈಲ್ ಟವರಿಗೋ ಮೊದಲೇ ಫೋಕಸ್ ಮಾಡಿಟ್ಟುಕೊಳ್ಳಿ. ಲೆನ್ಸಿನ ಪಕ್ಕದ ಫೋಕಸ್ ಮಿತಿಯ ಸ್ವಿಚ್ಚನ್ನು ದೂರದ ಕಡೆಗೆ ಹಾಕಿದರೆ ಇನ್ನೂ ಒಳ್ಳೆಯದು. ಸಂಜೆ ಎದುರಿನ ಕೊಂಬೆಯ ಹಕ್ಕಿಗೆ ಫೋಕಸ್ ಆಗುತ್ತಿಲ್ಲವೆಂದು ಲೆನ್ಸನ್ನು ಬೈಯುವ ಮೊದಲು ಆ ಸ್ವಿಚ್ ನೋಡಿ.

ಕೈ ಪಳಗಿಸುವುದು

ಕಾಲುಗಳನ್ನು ಭುಜದಗಲ ಇಟ್ಟು, ವಿಮಾನವನ್ನು ಎಲ್ಲಿ ಹಿಡಿಯಬೇಕೆಂದಿದ್ದೀರೋ ಆ ಕಡೆಗೆ ಪಾದ ತಿರುಗಿಸಿ. ಈಗ ಸೊಂಟ ಮಾತ್ರ ತಿರುಗಿಸಿ ವಿಮಾನ ಬರುವ ಕಡೆ ನೋಡಿ. ವಿಮಾನ ಹತ್ತಿರವಾದಂತೆ ಸೊಂಟ ಬಿಚ್ಚಿಕೊಳ್ಳುತ್ತಾ ಬಂದು, ಫೋಟೊ ತೆಗೆಯುವ ಹೊತ್ತಿಗೆ ಮೈ ನೆಟ್ಟಗಿರುತ್ತದೆ. ಜನ ಮಾಡುವುದು ಇದರ ತಿರುವುಮುರುವು: ಬರುವ ಕಡೆ ಪಾದ ಇಟ್ಟು, ಸರಿಯಾದ ಗಳಿಗೆಯಲ್ಲಿ ಮೈ ತಿರುಚಿಕೊಂಡು ಅಲುಗಾಡುತ್ತಾರೆ.

ಎಡಗೈ ಲೆನ್ಸಿನ ಕೆಳಗೆ, ತುದಿಯ ಕಡೆಗೆ. ಮೊಣಕೈ ಪಕ್ಕೆಗೆ ಒತ್ತಿರಲಿ. ಎರಡು ಕಣ್ಣೂ ತೆರೆದಿರಲಿ. ಜೂಮ್ 200ರಲ್ಲಿಟ್ಟು ವಿಮಾನ ಹುಡುಕಿ, ಸಿಕ್ಕ ಮೇಲೆ 400ಕ್ಕೆ ಎಳೆಯಿರಿ. ಕಾಕ್‌ಪಿಟ್ ಕಿಟಕಿಯ ಮೇಲೆ ಫೋಕಸ್ ಪಾಯಿಂಟ್ ಇಟ್ಟು ಎರಡು ಸೆಕೆಂಡ್ ಸುಮ್ಮನೆ ಹಿಂಬಾಲಿಸಿ, ನಾಲ್ಕೈದು ಫ್ರೇಮ್ ಬಿಡಿ, ಬಟನ್ ಬಿಟ್ಟ ಮೇಲೂ ಒಂದು ಸೆಕೆಂಡ್ ತಿರುಗುತ್ತಲೇ ಇರಿ. ಒತ್ತಿದ ಕೂಡಲೇ ಕೈ ನಿಲ್ಲುವುದೇ ಕಲಸಿದಂತೆ ಬರುವ ಫೋಟೊಗಳಿಗೆ ಮೊದಲ ಕಾರಣ. ಒಂದೇ ಸಮ ಒತ್ತಿ ಹಿಡಿಯಬೇಡಿ. ಹಳೆಯ ಕ್ಯಾಮೆರಾಗಳಲ್ಲಿ ಆರೇಳು ರಾ ಫೈಲಿಗೇ (ಸಂಸ್ಕರಿಸದ ಮೂಲ ಚಿತ್ರ) ಬಫರ್ (ತಾತ್ಕಾಲಿಕ ಮೆಮೊರಿ) ತುಂಬಿ, ಬೇಕಾದ ಹೊತ್ತಿಗೆ ಕ್ಯಾಮೆರಾ ಕೈಕೊಡುತ್ತದೆ. ಸ್ಟೆಬಿಲೈಸೇಷನ್ (ಕೈ ನಡುಕ ತಡೆಯುವ ವ್ಯವಸ್ಥೆ) ಇದ್ದರೆ ಅಡ್ಡ ಚಲನೆಯನ್ನು ಬಿಟ್ಟುಕೊಡುವ ಮೋಡ್ 2 ಅಥವಾ ಸ್ಪೋರ್ಟ್.

ಹತ್ತು ವಿಮಾನಕ್ಕೆ ಏಳು ಚೂಪಾಗಿ ಬರಲು ಶುರುವಾದಾಗ ಹದ್ದಿನ ಕಡೆ ತಿರುಗಿ. ಅದು ಬಿಸಿಗಾಳಿಯಲ್ಲಿ ಸುತ್ತುತ್ತಾ ಏರುವುದರಿಂದ ಒಂದು ಸುತ್ತು ನೋಡಿದರೆ ಮುಂದಿನ ಸುತ್ತಿನಲ್ಲಿ ಎಲ್ಲಿ ವಾಲುತ್ತದೆ ಎಂದು ಗೊತ್ತಾಗುತ್ತದೆ. ವಾಲಿದಾಗ ಬೆನ್ನಿನ ಮೇಲೆ ಬಿಸಿಲು ಬೀಳುವ ಗಳಿಗೆಯೇ ನಿಮ್ಮದು. ಆಮೇಲೆ ಹೆಜ್ಜಾರ್ಲೆ. ಪಾದ ಮುಂದೆ ಚಾಚಿದ್ದು ಕಂಡ ಕೂಡಲೇ ಒತ್ತಿ. ನೀರು ಮುಟ್ಟುವುದನ್ನು ಕಾದರೆ ಚಿಮ್ಮಿದ ನೀರಷ್ಟೇ ಸಿಗುತ್ತದೆ.

ಕಪ್ಪು-ಬಿಳಿ ಮಿಂಚುಳ್ಳಿ ಒಂದು ವಿನಾಯಿತಿ. ಮೀನಿಗೆ ಹೊಂಚು ಹಾಕುತ್ತಾ ಗಾಳಿಯಲ್ಲಿ ಒಂದೇ ಕಡೆ ರೆಕ್ಕೆ ಬಡಿಯುತ್ತಾ ನಿಲ್ಲುತ್ತದೆ, ಕ್ಯಾಮೆರಾ ತಿರುಗಿಸುವ ಕೆಲಸವೇ ಇಲ್ಲ. ಕೂತ ಹಕ್ಕಿ ಹಾರುವುದನ್ನು ಕಾಯುವವರು ಅದರ ಬಾಲ ನೋಡಿ: ಹಿಕ್ಕೆ ಹಾಕಿ ಮೈ ಮುಂದಕ್ಕೆ ಬಾಗಿಸಿತೆಂದರೆ ಹೊರಟಿತೆಂದೇ ಅರ್ಥ.

ಎರಡೂ ಒಂದೇ ಫ್ರೇಮಿನಲ್ಲಿ

ಎಲ್ಲರಿಗೂ ಬೇಕಾದ ಫೋಟೊ ಇದು, ಕೆಡುವುದು ಫೋಕಸ್‌ನಲ್ಲಿ. ಮೂವತ್ತು ಮೀಟರ್ ದೂರದ ಹಕ್ಕಿಗೆ 400 ಎಂ.ಎಂ., ಎಫ್/6.3ರಲ್ಲಿ ಫೋಕಸ್ ಮಾಡಿದರೆ ಹಿಂದಿನ ವಿಮಾನದ ಅಂಚು 200 ಪಿಕ್ಸೆಲ್‌ಗೂ ಹೆಚ್ಚು ಹರಡಿ ಮಂಜಿನ ಮುದ್ದೆಯಾಗುತ್ತದೆ. ಹಕ್ಕಿ ನೂರು ಮೀಟರ್ ಆಚೆಗಿದ್ದು ಎಫ್/11 ಇಟ್ಟರೆ ಆ ಹರಡು 40 ಪಿಕ್ಸೆಲ್‌ಗಿಂತ ಕಡಿಮೆ. ವಿಮಾನ ಯಾವುದೆಂದು ಬಾಲದ ಬಣ್ಣದಿಂದಲೇ ಹೇಳಬಹುದು. ನೂರು ಮೀಟರ್‌ನಲ್ಲಿ ಒಂದೂವರೆ ಮೀಟರ್ ರೆಕ್ಕೆಯ ಹದ್ದು ಫ್ರೇಮಿನ ಕಾಲು ಭಾಗ, ಎರಡೂವರೆ ಮೀಟರ್ ರೆಕ್ಕೆಯ ಹೆಜ್ಜಾರ್ಲೆ ಶೇ 40ಕ್ಕೂ ಹೆಚ್ಚು. ಹಾಗಾಗಿ ಹತ್ತಿರದ ಹಕ್ಕಿಗೆ ಆಸೆಪಡದೆ, ದೂರದಲ್ಲಿ ಸುತ್ತುವ ದೊಡ್ಡ ಹಕ್ಕಿ ಆರಿಸಿ. 1/1600, ಎಫ್/11, ಐಎಸ್‌ಒ 1600. ಫೋಕಸ್ ಹಕ್ಕಿಯ ಮೇಲೆ. ವಿಮಾನ ತನ್ನ ಪಾಡಿಗೆ ಬಂದು ಸೇರಿಕೊಳ್ಳಲಿ.

ಕೆಟ್ಟಿದ್ದು ಯಾಕೆ

ಚಿತ್ರವೆಲ್ಲ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಕೈಯ ವೇಗ ಹೊಂದಿಲ್ಲ. ಕಣ್ಣು ಚೂಪು, ರೆಕ್ಕೆಯ ತುದಿ ಮಸುಕು ಎಂದರೆ ಶಟರ್ ಸಾಲದು, ಅದು ಅಂಥ ತಪ್ಪೂ ಅಲ್ಲ. ಹಿಂದಿನ ಜೊಂಡು ಚೂಪಾಗಿ ಹಕ್ಕಿ ಮಸುಕಾಗಿದ್ದರೆ ಫೋಕಸ್ ಜಾರಿದೆ. ವಿಮಾನದ ಕಿಟಕಿಗಳ ಸಾಲು ಅಲೆಅಲೆಯಾಗಿ ಬಂದಿದ್ದರೆ ತಪ್ಪು ನಿಮ್ಮದೂ ಅಲ್ಲ, ಲೆನ್ಸಿನದೂ ಅಲ್ಲ. ಕಾದ ನೆಲದಿಂದ ಏಳುವ ಬಿಸಿಗಾಳಿ ಬೆಳಕನ್ನು ಬಾಗಿಸಿದೆ. ಕಟ್ಟಡಗಳ ಮೇಲೆ ತಗ್ಗಿನಲ್ಲಿ ಹೋಗುವ ವಿಮಾನಕ್ಕೆ ಇದು ಅತಿ ಹೆಚ್ಚು, ನೆತ್ತಿಯ ಮೇಲಿನದಕ್ಕೆ ಕಡಿಮೆ. ಬೇಸಿಗೆಯಲ್ಲಿ ಒಂಬತ್ತೂವರೆ ಮೇಲೆ ದೂರದ್ದನ್ನು ಬಿಟ್ಟು ಹತ್ತಿರದ ಹಕ್ಕಿ ನೋಡಿಕೊಳ್ಳಿ. ಎಷ್ಟೇ ದುಬಾರಿ ಲೆನ್ಸ್ ತಂದರೂ ಇದಕ್ಕೆ ಮದ್ದಿಲ್ಲ.

ಮಾಡಬಾರದ್ದು

ವಾಯುನೆಲೆಯ ಬೇಲಿ, ಗೇಟು, ಹ್ಯಾಂಗರ್ ಕಡೆ ಕ್ಯಾಮೆರಾ ತಿರುಗಿಸಬೇಡಿ. 1923ರ ಅಧಿಕೃತ ರಹಸ್ಯಗಳ ಕಾಯ್ದೆ ಇಂದಿಗೂ ಜಾರಿಯಲ್ಲಿದೆ. ಎರಡು ವರ್ಷಕ್ಕೊಮ್ಮೆ ಯಲಹಂಕದಲ್ಲಿ ಏರೋ ಇಂಡಿಯಾ ನಡೆಯುವ ಹೊತ್ತಿನ ಫೆಬ್ರುವರಿಯಲ್ಲಿ ಯುದ್ಧ ವಿಮಾನಗಳ ತಾಲೀಮು ಉತ್ತರ ಬೆಂಗಳೂರಿನ ಆಕಾಶದಲ್ಲೇ ಕಾಣುತ್ತದೆ. ಬೇಲಿಯ ಹತ್ತಿರ ಹೋಗುವ ಅಗತ್ಯವೇ ಇಲ್ಲ. ಡ್ರೋನ್‌ಗೆ ಇದು ಜಾಗವಲ್ಲ. ಹದ್ದಿಗೆ ಮಾಂಸ ಎಸೆದು ಕರೆಯುವುದೂ ಬೇಡ. ಏರೋ ಇಂಡಿಯಾ ಸಮಯದಲ್ಲಿ ನೆಲೆಯ ಸುತ್ತ ಹತ್ತು–ಹದಿಮೂರು ಕಿ.ಮೀ. ಮಾಂಸದಂಗಡಿ ಮುಚ್ಚಿಸುವುದು ಅದೇ ಹದ್ದುಗಳು ಎಂಜಿನ್‌ಗೆ ಸಿಗಬಾರದೆಂದು. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದು, ಗೂಡಿನ ಹತ್ತಿರ ಹೋಗುವುದು, ಗೂಡಿನ ಜಾಗವನ್ನು ಲೊಕೇಶನ್ ಸಮೇತ ಹಂಚುವುದು ಮೂರೂ ಬೇಡ.

ಮನೆಗೆ ಬಂದಮೇಲೆ

ರಾ ಫೈಲಿನಲ್ಲಿ ಮೊದಲು ಬೆಳಕು ಸರಿಪಡಿಸಿ, ಹದ್ದಿನ ಹೊಟ್ಟೆಯ ನೆರಳು ಎತ್ತಿ, ಡೀಹೇಜ್ (ಮಬ್ಬು ತೆಗೆಯುವ ಆಯ್ಕೆ) 10–15ರಷ್ಟು ಮಾತ್ರ ಕೊಡಿ. ಮೀರಿದರೆ ಆಕಾಶದಲ್ಲಿ ಪಟ್ಟೆ ಏಳುತ್ತದೆ. ಏರುವ ವಿಮಾನವನ್ನು ಅಡ್ಡ ಗೆರೆಗೆ ನೇರ ಮಾಡಬೇಡಿ, ಅದು ಓರೆಯಾಗಿಯೇ ಇರಬೇಕು. ಕಟ್ಟಡವೋ ಕಂಬವೋ ಇದ್ದರೆ ಅದನ್ನು ಮಾತ್ರ ನೆಟ್ಟಗೆ ಮಾಡಿ. ಆಕಾಶದ ಒಂದೇ ಜಾಗದಲ್ಲಿ ಎಲ್ಲ ಫೋಟೊಗಳಲ್ಲೂ ಚುಕ್ಕೆ ಕಂಡರೆ ಅದು ದೂಳು. ರಬ್ಬರ್ ಬ್ಲೋವರ್‌ನಿಂದ, ಕ್ಯಾಮೆರಾ ಮುಖ ಕೆಳಗೆ ಮಾಡಿ ಊದಿ. ಬಾಯಿಂದ ಊದಿದರೆ ಎಂಜಲು ಹಾರಿ ಕೆಲಸ ಇನ್ನೂ ಹೆಚ್ಚುತ್ತದೆ. ಮಳೆಗಾಲದಲ್ಲಿ ಕೆರೆ ದಂಡೆಯಿಂದ ತಂದ ಲೆನ್ಸನ್ನು ಹಾಗೇ ಬ್ಯಾಗಿನಲ್ಲಿ ಮುಚ್ಚಿಟ್ಟರೆ ಗಾಜಿನೊಳಗೆ ಬೂಷ್ಟು ಬರುತ್ತದೆ. ಒಂದು ಗಂಟೆ ಫ್ಯಾನ್ ಕೆಳಗೆ ಆರಲು ಬಿಟ್ಟು, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಜೆಲ್‌ನ ನೀಲಿ ಕಾಳು ಗುಲಾಬಿಯಾದರೆ ಬಾಣಲೆಯಲ್ಲಿ ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು. ಆ ಬಾಣಲೆಯನ್ನು ಅಡುಗೆಗೆ ವಾಪಸ್ ತರಬೇಡಿ.